ಕುರ್ಚಿಯಡಿಯ ಚೀಟಿ

2006ರ ಜನವರಿ ತಿಂಗಳ ಕೊನೆಯ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ದೋಹಾದ ಅಲ್ ಹಿಲಾಲ್‌ನಲ್ಲಿ ನಮ್ಮ ಕಂಪೆನಿ ಬಾಡಿಗೆಗೆ ಹಿಡಿದಿದ್ದ ಏಳನೇ ನಂಬರಿನ ವಿಲ್ಲಾದ ಅಡುಗೆಮನೆಯಲ್ಲಿ, ಫ್ರಿಜ್ಜಿಗೂ ಹಿಂಬಾಗಿಲಿಗೂ ನಡುವಿನ ಎರಡಡಿ ಜಾಗದಲ್ಲಿ ನಾನು ನಿಂತಿದ್ದೆ. ಕೈಯಲ್ಲಿ ಸಿಗಡಿಯ ತಟ್ಟೆ ಇತ್ತು. ಗಂಟೆ ಇಷ್ಟು ಸರಿಯಾಗಿ ಹೇಗೆ ಗೊತ್ತೆಂದರೆ, ಎದುರಿನ ಓವನ್ನಿನ ಮೇಲೆ ಹಸಿರು ಅಂಕಿಯ ಗಡಿಯಾರವಿತ್ತು. ಅದು ಮೂರು ನಿಮಿಷ ಮುಂದಿದೆ ಎಂಬುದೂ ಗೊತ್ತಿತ್ತು, ಏಕೆಂದರೆ ಆ ದೂರು ಹಿಂದೊಮ್ಮೆ ನನ್ನ ಮೇಜಿಗೇ ಬಂದಿತ್ತು. ಮೂರು ನಿಮಿಷ ಕಳೆದೇ ಹೇಳುತ್ತಿದ್ದೇನೆ.

ಆಗ ಮುಂಬಾಗಿಲನ್ನು ಹೊರಗಿನಿಂದ ಕೀಲಿ ತಿರುಗಿಸಿ ತೆರೆಯುವ ಸದ್ದು ಕೇಳಿಸಿತು. ಆ ಮನೆಗೆ ಇದ್ದದ್ದು ಎರಡೇ ಕೀಲಿ. ಒಂದು ನನ್ನ ಜೇಬಿನಲ್ಲಿತ್ತು. ಇನ್ನೊಂದು ಆಸ್ಟ್ರೇಲಿಯದಲ್ಲಿ ಇರಬೇಕಾಗಿತ್ತು.

ನಮ್ಮದು ನೆಲದಡಿ ಚರಂಡಿಯ ಕೊಳವೆ ಹಾಕುವ ಕಂಪೆನಿ. ಆ ವರ್ಷದ ಕೊನೆಗೆ ದೊಡ್ಡ ಕ್ರೀಡಾಕೂಟವಿದ್ದುದರಿಂದ ಊರಿಗೆ ಊರನ್ನೇ ಅಗೆದು ಹಾಕಿದ್ದ ಕಾಲ. ನಾನು ಅಲ್ಲಿ ಹೌಸಿಂಗ್ ಕ್ಲರ್ಕ್. ಯಾರಿಗೆ ಯಾವ ಮನೆ ಎಂದು ತೀರ್ಮಾನಿಸುವವನಲ್ಲ. ತೀರ್ಮಾನವಾದ ಮೇಲೆ ಕೀಲಿ ಕೊಡುವವನು, ಮಂಚ ಮೇಜು ಕುರ್ಚಿ ಎಣಿಸಿ ಪಟ್ಟಿಗೆ ಸಹಿ ಹಾಕಿಸುವವನು, ಎ.ಸಿ. ಸೋರಿದರೆ ಬೈಸಿಕೊಳ್ಳುವವನು. ಪ್ರತಿ ಸಾಮಾನಿನ ಅಡಿಗೆ ಒಂದು ಹಳದಿ ಚೀಟಿ ಅಂಟಿಸುವುದೂ ನನ್ನ ಕೆಲಸವೇ. ಚೀಟಿಯಲ್ಲಿ ಮನೆಯ ನಂಬರು, ಅದರ ಕೆಳಗೆ ಮನೆಯಲ್ಲಿರುವವರ ಹೆಸರು. ನನ್ನ ಇಂಗ್ಲಿಷ್ ಅಕ್ಷರ ದುಂಡಗೆ, ದೂರಕ್ಕೂ ಓದುವ ಹಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯ ಬೆಲೆ ಏನೆಂದು ಮುಂದೆ ಬರುತ್ತದೆ.

ಇಂಜಿನಿಯರ್ ದರ್ಜೆಗೆ ವಿಲ್ಲಾ, ಎಂಟು ಕುರ್ಚಿಯ ಊಟದ ಮೇಜು. ಫೋರ್‌ಮನ್ ದರ್ಜೆಗೆ ಬಿನ್ ಮಹಮೂದ್‌ನ ಹಳೆಯ ಕಟ್ಟಡಗಳಲ್ಲಿ ಇಬ್ಬರಿಗೊಂದು ಫ್ಲ್ಯಾಟು, ನಾಲ್ಕು ಕುರ್ಚಿ. ನನ್ನ ದರ್ಜೆಗೆ ದೋಹಾ ಅಲ್ ಜದೀದಾದ ಆರು ಜನರ ರೂಮಿನಲ್ಲಿ ಒಂದು ಮಂಚ. ಕುರ್ಚಿಯ ಮಾತು ಪಟ್ಟಿಯಲ್ಲೇ ಇರಲಿಲ್ಲ. ನಾವು ಮಂಚದ ಮೇಲೆ ಕೂತೇ ಉಣ್ಣುತ್ತೇವೆಂದು ಪಟ್ಟಿ ಬರೆದವರಿಗೆ ಹೇಗೋ ಗೊತ್ತಿತ್ತು.

ಕಂಪೆನಿಯಲ್ಲಿ ಹತ್ತು ಹನ್ನೆರಡು ಜನ ಆಸ್ಟ್ರೇಲಿಯದವರಿದ್ದರು. ಎಲ್ಲರ ಪಾಸ್‌ಪೋರ್ಟೂ ಒಂದೇ ನೀಲಿ. ನಾನು ಊರಿನಿಂದ ಬರುವಾಗ ಬಿಳಿಯರೆಲ್ಲ ಒಂದೇ ಮಹಡಿಯಲ್ಲಿ ಇರುತ್ತಾರೆಂದು ನಂಬಿದ್ದವನು. ಫೈಲುಗಳನ್ನು ಜೋಡಿಸುವಾಗ ಬೇರೆ ವಿಷಯ ಕಂಡಿತು. ಅವರಲ್ಲಿ ನಾಲ್ವರು ಗ್ರೀಕ್ ಮನೆತನದವರು. ಅಪ್ಪ ಅಮ್ಮ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋದವರು, ಮಕ್ಕಳು ಅಲ್ಲೇ ಹುಟ್ಟಿದವರು. ಆ ನಾಲ್ವರೂ ಬಿನ್ ಮಹಮೂದ್‌ನ ಫ್ಲ್ಯಾಟುಗಳಲ್ಲಿದ್ದರು. ತಲೆಮಾರುಗಳಿಂದ ಅಲ್ಲಿಯವರೇ ಆದ ಉಳಿದವರು, ಒಬ್ಬರನ್ನು ಬಿಟ್ಟು, ವಿಲ್ಲಾಗಳಲ್ಲಿದ್ದರು. ಗ್ರೀಕರಿಗೆ ಫ್ಲ್ಯಾಟು ಎಂದು ಯಾವ ನಿಯಮದಲ್ಲೂ ಬರೆದಿರಲಿಲ್ಲ. ನಾನು ಹುಡುಕಿ ನೋಡಿದ್ದೇನೆ. ನಿಯಮ ಬೇರೆಯೇ ಇತ್ತು. ಹಿಂದಿನ ಕೆಲಸದ ಸಂಬಳದ ಸರ್ಟಿಫಿಕೇಟು ನೋಡಿ ದರ್ಜೆ ಕೊಡಬೇಕು, ಅಷ್ಟೆ. ಹೀಗಾಗಿ ಅಲ್ಲಿದ್ದ ಅಂತರ ವಿಮಾನ ಹತ್ತಿ ಇಲ್ಲಿಗೂ ಬಂದಿಳಿದಿತ್ತು. ರೆಫರೆನ್ಸ್ ಎಂದು ಎರಡು ಹೆಸರು ಕೊಡುವ ಜಾಗವೊಂದಿತ್ತು. ವಿಲ್ಲಾದವರ ಫೈಲಿನಲ್ಲಿ ಕಂಪೆನಿಗಳ ಡೈರೆಕ್ಟರುಗಳು, ಪ್ರೊಫೆಸರುಗಳು. ಗ್ರೀಕರ ಫೈಲಿನಲ್ಲಿ ತಪ್ಪದೆ ಒಬ್ಬ ಪಾದ್ರಿ, ಒಬ್ಬ ಚಿಕ್ಕಪ್ಪನ ಮಗ. ಅದನ್ನು ನೋಡಿ ನನಗೆ ನಗು ಬಂತು. ಉಡುಪಿ ಕಡೆಯ ನಮ್ಮ ಇಗರ್ಜಿಯ ವಿಗಾರರ ಹೆಸರನ್ನೇ ನಾನೂ ಕೊಟ್ಟಿದ್ದೆ.

ಈ ನಾಲ್ವರಲ್ಲಿ ಒಬ್ಬನ ಕಥೆ ಇದು. ಐವತ್ತರ ಹತ್ತಿರದ ಪೈಪ್ ಫೋರ್‌ಮನ್, ಮೆಲ್ಬರ್ನಿನಲ್ಲಿ ಹುಟ್ಟಿದವನು. ಸೈಟಿನಲ್ಲಿ ಎಲ್ಲರೂ ಅವನನ್ನು ‘ಗ್ರೀಕ’ ಎನ್ನುತ್ತಿದ್ದರು. ಕನ್ಸಲ್ಟೆಂಟ್ ಆಫೀಸಿನಲ್ಲಿದ್ದ ನಿಜವಾದ ಅಥೆನ್ಸಿನವರು ಮಾತ್ರ ಅವನನ್ನು ಗ್ರೀಕನೆಂದು ಒಪ್ಪುತ್ತಿರಲಿಲ್ಲ. ಅವನ ಭಾಷೆ ನಲವತ್ತು ವರ್ಷ ಹಿಂದಿನ ಹಳ್ಳಿಯದೆಂದು ನಗುತ್ತಿದ್ದರಂತೆ. ವಿಲ್ಲಾ ಏಳರಲ್ಲಿದ್ದವರು ಪ್ಲ್ಯಾನಿಂಗ್ ಇಂಜಿನಿಯರ್. ಅವರೂ ಮೆಲ್ಬರ್ನಿನವರೇ, ಗ್ರೀಕನಿಗಿಂತ ಹತ್ತು ವರ್ಷ ಚಿಕ್ಕವರು.

ಈಗ ಬರೆಯುವಾಗ ಗಮನಿಸುತ್ತಿದ್ದೇನೆ: ಫೋರ್‌ಮನ್ ‘ಅವನು’, ಇಂಜಿನಿಯರ್ ‘ಅವರು’. ಕಂಪೆನಿಗಿಂತ ಮೊದಲೇ ನನ್ನ ಕನ್ನಡ ದರ್ಜೆ ಹಂಚಿಬಿಟ್ಟಿದೆ. ಇನ್ನು ಮುಂದೆ ಇಬ್ಬರೂ ಅವರೇ.

ಕ್ರಿಸ್‌ಮಸ್ ಕಳೆದ ವಾರ ಫೋರ್‌ಮನ್ ನನ್ನ ಮೇಜಿನ ಹತ್ತಿರ ಬಂದು ಬಹಳ ಹೊತ್ತು ಸ್ಟೇಪ್ಲರ್ ಜೊತೆ ಆಡಿದರು. ಆಮೇಲೆ ಹೇಳಿದರು:

“ನನ್ನ ಅಮ್ಮ ಬರುತ್ತಿದ್ದಾರೆ. ಒಂದು ವಾರ.”

“ಒಳ್ಳೆಯದಾಯಿತಲ್ಲ.”

“ಒಳ್ಳೆಯದಾಗಲಿಲ್ಲ. ನಾನು ವಿಲ್ಲಾದಲ್ಲಿದ್ದೇನೆ ಅಂತ ಹೇಳಿದ್ದೇನೆ.”

ಅವರ ಅಪ್ಪ ಸಾಯುವವರೆಗೂ ಇನ್ನೊಬ್ಬರ ಅಂಗಡಿಯಲ್ಲಿ ಮೀನು ಹುರಿದವರು. ಅಮ್ಮ ಮೂವತ್ತು ವರ್ಷ ಇನ್ನೊಬ್ಬರ ಆಫೀಸು ಒರೆಸಿದವರು. ಮಗ ಈಗ ಆ ಆಫೀಸಿನವರ ಸಮಕ್ಕೆ ಕೂತಿದ್ದಾನೆ ಎಂದು ಬೀದಿಗೂ ಇಗರ್ಜಿಗೂ ಸಾರಿಕೊಂಡು ಬಂದಿದ್ದಾರೆ. “ಅಮ್ಮನನ್ನು ಹೋಟೆಲಿನಲ್ಲಿ ಇರಿಸುತ್ತೇನೆ. ವಿಲ್ಲಾಗೆ ಬಣ್ಣ ಹೊಡೆಯುತ್ತಿದ್ದಾರೆ ಅಂತ ಹೇಳಿದ್ದೇನೆ. ಆದರೆ ಮಗನ ಒಲೆಯ ಮೇಲೆ ಒಂದು ಊಟ ಮಾಡಿ ಹಾಕದೆ ವಿಮಾನ ಹತ್ತುವವರಲ್ಲ ಅವರು. ಒಂದು ಶುಕ್ರವಾರ, ಒಂದೇ ಊಟ. ಊರಿಗೆ ವಾಪಸು ಹೋಗಿ ನನ್ನ ಮಗ ಸುಳ್ಳು ಹೇಳಿದ ಅಂತ ಅವರು ಯಾರಿಗೂ ಹೇಳುವ ಹಾಗಾಗಬಾರದು.”

ನಾನು ಆಗುವುದಿಲ್ಲ ಎನ್ನಬೇಕಿತ್ತು. ನನ್ನ ವೀಸಾ, ನನ್ನ ಕೆಲಸ ಎಲ್ಲ ಕಂಪೆನಿಯ ಕೈಯಲ್ಲಿತ್ತು. ಏಕೆ ಅನ್ನಲಿಲ್ಲ ಎಂದರೆ, ಅದಕ್ಕೆ ನಾನು ದೋಹಾಕ್ಕೆ ಬಂದಿಳಿದ ದಿನದ ಕಥೆ ಹೇಳಬೇಕು. ನಮ್ಮ ಕಡೆಯ ಕ್ರಿಶ್ಚಿಯನರ ಮನೆತನದ ಹೆಸರುಗಳು ಪೋರ್ಚುಗೀಸರವು. ನನ್ನದೂ ಹಾಗೆಯೇ, ಬಲು ಭರ್ಜರಿ ಹೆಸರು. ಅದನ್ನು ಕಾಗದದಲ್ಲಿ ಓದಿದ ಕಂಪೆನಿಯವರು ಯುರೋಪಿನವನೊಬ್ಬ ಬರುತ್ತಿದ್ದಾನೆಂದು ತಿಳಿದಿದ್ದರು. ವಿಮಾನ ನಿಲ್ದಾಣದಲ್ಲಿ ನನ್ನ ಹೆಸರಿನ ಹಲಗೆ ಹಿಡಿದ ಡ್ರೈವರ್ ಒಂದೂವರೆ ಗಂಟೆ ನನ್ನ ಎದುರಿನಲ್ಲೇ ನಿಂತು, ನನ್ನ ತಲೆಯ ಮೇಲಿಂದ ಹಣಕಿ ಬಿಳಿಯನನ್ನು ಹುಡುಕಿದ. “ಅದು ನಾನೇ” ಎಂದರೆ ನಂಬಲಿಲ್ಲ. ಪಾಸ್‌ಪೋರ್ಟು ಎರಡು ಸಲ ಓದಿದ. ಆಮೇಲೆ ಯುರೋಪಿನವನಿಗೆಂದು ಗೊತ್ತು ಮಾಡಿದ್ದ ಹೋಟೆಲಿಗೇ ಕರೆದುಕೊಂಡು ಹೋದ. ಸ್ನಾನದ ತೊಟ್ಟಿ, ನಾಲ್ಕು ದಿಂಬು, ಹಣ್ಣಿನ ಬುಟ್ಟಿ. ಅಲ್ಲಿಂದಲೇ ಅಮ್ಮನಿಗೆ ಫೋನು ಮಾಡಿ ಎಲ್ಲ ವರ್ಣಿಸಿದೆ. ಮರುದಿನ ಬೆಳಿಗ್ಗೆ ಆಫೀಸಿನಲ್ಲಿ ನನ್ನ ಮುಖ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಆರು ಜನರ ರೂಮಿನ ಮೇಲಿನ ಮಂಚಕ್ಕೆ ಹತ್ತಿದೆ. ಆದರೆ ನಮ್ಮ ವಾಡೆಯ ಅಕ್ಕಪಕ್ಕದ ಮನೆಗಳಲ್ಲಿ ಅಮ್ಮ ಇವತ್ತಿಗೂ ಆ ತೊಟ್ಟಿಯ ಸುದ್ದಿ ಹೇಳುತ್ತಾರೆ. ಅದು ಒಂದೇ ದಿನದ್ದು ಎಂದು ನಾನು ಹೇಳಿಲ್ಲ.

ಹೀಗಿರುವಾಗ ಇನ್ನೊಬ್ಬ ತಾಯಿಗೆ ಒಂದು ಮಧ್ಯಾಹ್ನ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ. ಸಾಮಾನಿನ ಗೋದಾಮು, ಪಿಕಪ್ ಗಾಡಿ ಎರಡೂ ಉಳ್ಳಾಲದ ಒಬ್ಬ ಬ್ಯಾರಿಯ ಕೈಯಲ್ಲಿದ್ದವು. ನನಗಿಂತ ಹದಿನೈದು ವರ್ಷ ಹಿರಿಯರು, ಕತಾರಿಗೆ ಬಂದು ಇಪ್ಪತ್ತು ವರ್ಷವಾದವರು. ಅವರು ನನ್ನನ್ನು, ಊರಿನಲ್ಲಿ ಕ್ರಿಶ್ಚಿಯನರನ್ನು ಕರೆಯುವ ರೂಢಿಯಂತೆ, ‘ಪೊರ್ಬುಗಳೇ’ ಎನ್ನುತ್ತಿದ್ದರು, ನಾನು ‘ಬ್ಯಾರಿಗಳೇ’ ಎನ್ನುತ್ತಿದ್ದೆ. ವಿಷಯ ಹೇಳಿದೆ.

“ಎಂತ ಮಾರಾಯ್ರೆ, ಈ ಬಿಳಿಯರಲ್ಲಿ ಸಹ ಜಾತಿ ಉಂಟಾ?”

“ಜಾತಿ ಅಲ್ಲ ಬ್ಯಾರಿಗಳೇ. ಸಂಬಳದ ಸರ್ಟಿಫಿಕೇಟು.”

“ಅದೇ ಅಲ್ವಾ ಮತ್ತೆ? ಕಾಗದಕ್ಕೆ ಸೀಲು ಹೊಡೆದಿದ್ದಾರೆ, ಅಷ್ಟೇ.” ಸ್ವಲ್ಪ ಯೋಚಿಸಿ ಕೇಳಿದರು: “ಏಳನೇ ನಂಬ್ರದವರು ರಜೆಯಿಂದ ಯಾವಾಗ ಬರುದು?”

ನಾನು ರಜೆಯ ಅರ್ಜಿ ತೆಗೆದು ನೋಡಿದೆ. ಎರಡು ಸಲ ನೋಡಿದೆ. “ಭಾನುವಾರ ಕೆಲಸಕ್ಕೆ ಹಾಜರಿ.”

“ಹಾಗಾದ್ರೆ ಭಾನುವಾರ ಬೆಳಗ್ಗೆ ಇಳಿತಾರೆ. ಶುಕ್ರವಾರಕ್ಕೆ ಭಯ ಮಾಫಿ, ಎಂತದೂ ಇಲ್ಲ.”

ನಾವು ಮಾಡಿದ ತಪ್ಪು ಇದು, ಇದೊಂದೇ. ನಾವು ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವರು. ರಜೆಯ ಕೊನೆಯ ದಿನದ ಕೊನೆಯ ಗಂಟೆಯನ್ನೂ ಊರಿನಲ್ಲೇ ಉಂಡು, ಹಾಜರಾಗಬೇಕಾದ ದಿನ ಬೆಳಗಿನ ಜಾವ ಇಳಿದು, ಉಪ್ಪಿನಕಾಯಿಯ ಡಬ್ಬ ಸಮೇತ ನೇರ ಆಫೀಸಿಗೆ ಹೋಗುವವರು. ಕೈಯಲ್ಲಿ ಎರಡು ದಿನದ ರಜೆ ಇರುವಾಗಲೇ ಒಬ್ಬ ಮನುಷ್ಯ, ಸುಮ್ಮನೆ ಸುಧಾರಿಸಿಕೊಳ್ಳಲು, ಸ್ವಂತ ಊರು ಬಿಟ್ಟು ಬರಬಹುದೆಂದು ನಮ್ಮಿಬ್ಬರ ತಲೆಗೆ ಹೊಳೆಯಲೇ ಇಲ್ಲ. ವರ್ಷಕ್ಕೆ ಮೂರು ಸಲ ಊರಿಗೆ ಹೋಗುವವರ ಲೆಕ್ಕಾಚಾರ ನಮಗೆ ಗೊತ್ತಿರಲಿಲ್ಲ.

ಗುರುವಾರ ಸಂಜೆ ವಿಲ್ಲಾವನ್ನು ತಯಾರು ಮಾಡಿದೆವು. ಇಂಜಿನಿಯರರ ಗಾಲ್ಫ್ ಚೀಲ ಮಂಚದ ಅಡಿಗೆ ಹೋಯಿತು. ಗೋಡೆಯ ಮೇಲಿದ್ದ ಹಾಯಿ ಹಡಗಿನ ಚಿತ್ರ ತೆಗೆದು, ಆ ಮೊಳೆಗೆ ಫೋರ್‌ಮನ್‌ರ ಫ್ಲ್ಯಾಟಿನ ಬಂಗಾರ ಬಣ್ಣದ ದೇವಮಾತೆಯ ಪಟ ಹಾಕಿದೆ. ಬಾಗಿಲಲ್ಲಿ ಅವರ ಚಪ್ಪಲಿ, ಒಲೆಯ ಪಕ್ಕ ಅವರ ಆಲಿವ್ ಎಣ್ಣೆಯ ಡಬ್ಬ. ಎಲ್ಲ ಮುಗಿದ ಮೇಲೆ ಬ್ಯಾರಿ ಮೂಗು ಏರಿಸಿ ಗಾಳಿ ಎಳೆದರು.

“ಪೊರ್ಬುಗಳೇ, ಪೇಂಟ್ ಹೊಡಿತಿದ್ದಾರೆ ಅಂತ ಅಲ್ವಾ ಅಮ್ಮನಿಗೆ ಹೇಳಿದ್ದು? ಮತ್ತೆ ವಾಸನೆ ಎಲ್ಲಿ?”

ಅದೂ ಹೌದು. ಶುಕ್ರವಾರ ಬೆಳಿಗ್ಗೆಯೇ ಅವರು ನನ್ನಿಂದ ಕೀಲಿ ತೆಗೆದುಕೊಂಡು, ಗೋದಾಮಿನಿಂದ ಹಸಿರು ಬಣ್ಣದ ಡಬ್ಬವೊಂದನ್ನು ತಂದು ಅಡುಗೆಮನೆಯ ಹಿಂಬಾಗಿಲಿನ ಒಳಮೈಗೆ ಬಳಿದರು. ಬಾಗಿಲು ಬಿಳಿ ಬಣ್ಣದ್ದು. ಅರ್ಧಕ್ಕೆ ಬಣ್ಣ ಮುಗಿಯಿತು. “ಖಲಾಸ್. ವಾಸನೆಗೆ ಇಷ್ಟು ಸಾಕು” ಎಂದರು.

ನಾನು, ಅಲ್ಲಿ ರಜೆಯ ದಿನವಾದ ಶುಕ್ರವಾರವೇ ನಡೆಯುತ್ತಿದ್ದ ನಮ್ಮ ಬಲಿಪೂಜೆ ಮುಗಿಸಿ ಬರುವಾಗ ಹತ್ತು ಗಂಟೆ. ಹತ್ತೂಕಾಲಿಗೆ ಫೋರ್‌ಮನ್ ತಾಯಿಯನ್ನು ಕರೆದುಕೊಂಡು ಬಂದರು. ಎಪ್ಪತ್ತೈದು ದಾಟಿದ, ಕಪ್ಪು ಬಟ್ಟೆಯ, ಕುಳ್ಳಗೆ ಗಟ್ಟಿಯಾದ ಹೆಂಗಸು. ಕೈಗಳು ಮೈಯ ಅಳತೆಗೆ ಮೀರಿ ದೊಡ್ಡವು. ಅವರ ಇಂಗ್ಲಿಷ್ ನನ್ನ ಹಿಂದಿಯ ಹಾಗೆ, ಕ್ರಿಯಾಪದ ಸಿಕ್ಕರೆ ಸಿಕ್ಕಿತು. ಬಾಗಿಲಲ್ಲಿ ನಿಂತು ವಾಸನೆ ನೋಡಿ, “ಹೌದು, ಬಣ್ಣ” ಎಂದರು. ಬ್ಯಾರಿ ನನ್ನನ್ನು ಮೊಣಕೈಯಿಂದ ತಿವಿದರು.

ಅವರು ಮಾತೆಯ ಪಟಕ್ಕೆ ಕೈಮುಗಿದರು. ಬ್ಯಾಗಿನಿಂದ ಏಪ್ರನ್ ತೆಗೆದು ಕಟ್ಟಿಕೊಂಡರು. ಆಮೇಲೆ, ಹತ್ತೂ ಇಪ್ಪತ್ತಕ್ಕೆ, ನಾನು ನಿರೀಕ್ಷಿಸದ ಕೆಲಸ ಮಾಡಿದರು. ಒದ್ದೆ ಬಟ್ಟೆ ಹಿಂಡಿಕೊಂಡು ಹೋಗಿ, ಊಟದ ಮೇಜಿನ ಕುರ್ಚಿಯೊಂದನ್ನು ಎತ್ತಿ ಮಗುಚಿ ಅದರ ಕಾಲು ಒರೆಸತೊಡಗಿದರು.

ಮನೆಯಲ್ಲಿದ್ದ ಪತ್ರ, ಫೋಟೊ, ಬೂಟು ಎಲ್ಲ ಮರೆಮಾಡಿದ್ದ ನಾನು ಕುರ್ಚಿಯ ಅಡಿ ನೋಡಿರಲಿಲ್ಲ. ನನ್ನ ಅನುಭವದಲ್ಲಿ ಕುರ್ಚಿಯ ಅಡಿ ನೋಡುವವನು ಕಂಪೆನಿಯಲ್ಲಿ ನಾನೊಬ್ಬನೇ, ಅದೂ ವರ್ಷಕ್ಕೊಮ್ಮೆ, ಸಾಮಾನು ಎಣಿಸುವಾಗ. ಮೂವತ್ತು ವರ್ಷ ಆಫೀಸು ಒರೆಸಿದವರೂ ನೋಡುತ್ತಾರೆಂದು ನನಗೆ ಯಾರು ಹೇಳಬೇಕು? ಅಲ್ಲಿ ಹಳದಿ ಚೀಟಿಯ ಮೇಲೆ ನನ್ನ ದುಂಡಗಿನ ಅಕ್ಷರದಲ್ಲಿ ವಿಲ್ಲಾ ಏಳು, ಅದರ ಕೆಳಗೆ ಇಂಜಿನಿಯರರ ಹೆಸರು. ಬಾಗಿಲುಗಳ ಮೇಲಿನ ಹೆಸರು ಓದಿ ಓದಿಯೇ ಇಂಗ್ಲಿಷ್ ಕಲಿತವರು ಅವರು. ಹೆಬ್ಬೆರಳಿನಿಂದ ಚೀಟಿ ಸವರಿದರು. ಕುರ್ಚಿ ಇಳಿಸಿದರು. ಎರಡನೆಯದು ಮಗುಚಿದರು. ಮೂರನೆಯದು. ಎಂಟೂ ಕುರ್ಚಿ ನೋಡಿದರು, ಎಂಟೂ ಒರೆಸಿದರು. ಕೊನೆಯ ಕುರ್ಚಿಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಏಪ್ರನ್ ಜೇಬಿಗೆ ಹಾಕಿಕೊಂಡರು. ಆಮೇಲೆ ತಲೆ ಎತ್ತಿ, ನನ್ನ ಮುಖವನ್ನಲ್ಲ, ಅಂಗಿಯ ಜೇಬಿನಲ್ಲಿದ್ದ ಪೆನ್ನನ್ನು ನೋಡಿದರು.

“ನಿನ್ನ ಕೆಲಸ ಏನು?”

“ಕೀಲಿಗಳು, ಅಮ್ಮ. ಮನೆಗಳ ಕೀಲಿ ನನ್ನ ಹತ್ತಿರ.”

“ನನ್ನ ಹತ್ತಿರವೂ ಇದ್ದವು. ನಲವತ್ತು ಬಾಗಿಲು.” ಅಷ್ಟೇ ಹೇಳಿ ಅಡುಗೆಮನೆಗೆ ಹೋದರು. ಮಗ ಹೊರಗೆ ಗಾಡಿಯಿಂದ ತರಕಾರಿ ಇಳಿಸುತ್ತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ.

ನಾನು ಬ್ಯಾರಿಯ ಕಿವಿಯಲ್ಲಿ ಹೇಳಿದೆ. ಅವರು ಬೊಂಡಾಸ್ ತೊಳೆಯುತ್ತಿದ್ದರು, ಆ ಮೂಳೆಯಿಲ್ಲದ ಹಲವು ಕಾಲಿನ ಮೀನು. ಶುಕ್ರವಾರ ಆ ತಾಯಿಯ ಧರ್ಮದಲ್ಲಿ ಮಾಂಸವಿಲ್ಲ, ಬೆನ್ನೆಲುಬಿರುವ ಮೀನೂ ಇಲ್ಲ. ಆದ್ದರಿಂದ ಸಿಗಡಿ, ಬೊಂಡಾಸ್, ಸೊಪ್ಪಿನ ಕಡುಬಿನಂಥದು, ಬೀನ್ಸ್ ಕಾಳು. ಬ್ಯಾರಿಗೆ ಹಲಾಲಿನ ಚಿಂತೆ ಇಲ್ಲ, ನನಗೆ ಶುಕ್ರವಾರದ ಚಿಂತೆ ಇಲ್ಲ, ಎಲ್ಲರಿಗೂ ಸರಿಹೋಗುವ ಅಡುಗೆ.

“ಗೊತ್ತಾಯ್ತಾ ಅವರಿಗೆ?” ಬ್ಯಾರಿ ಕೈ ನಿಲ್ಲಿಸಿದರು. “ಮತ್ತೆ ಬೈಲಿಲ್ಲ?”

“ಇಲ್ಲ.”

“ಅಂದ್ರೆ ಎಂತದೋ ಉಂಟು ಮನಸಲ್ಲಿ.”

ಇತ್ತು. ಅದು ಐದೇ ನಿಮಿಷದಲ್ಲಿ ಶುರುವಾಯಿತು. “ಮಗನೇ, ದೊಡ್ಡ ಚಮಚ ಎಲ್ಲಿ?” ಎಂದು ಕೇಳಿದರು. ಫೋರ್‌ಮನ್ ಒಂದು ಡ್ರಾಯರ್ ಎಳೆದರು, ಕರವಸ್ತ್ರಗಳು. ಇನ್ನೊಂದು ಎಳೆದರು, ಬ್ಯಾಟರಿಗಳು. ನಾಲ್ಕನೆಯದರಲ್ಲಿ ಚಮಚ ಸಿಕ್ಕಿತು. “ಮಗನೇ, ಸೋಸುವ ಬುಟ್ಟಿ?” ಐದು ಕಪಾಟು. “ಮಗನೇ, ಉಪ್ಪು?” ಮಗನ ಹಣೆಯಲ್ಲಿ ಬೆವರು. “ಕೆಲಸದವಳು ಎಲ್ಲ ಬದಲಾಯಿಸಿ ಇಡುತ್ತಾಳೆ ಅಮ್ಮ” ಎಂದರು.

“ಓ, ನಿನಗೆ ಕೆಲಸದವಳು! ಒಳ್ಳೆಯವಳಾ?”

“ಬಹಳ ಒಳ್ಳೆಯವಳು.”

“ಕುರ್ಚಿಯ ಅಡಿ ಒರೆಸುವುದಿಲ್ಲ, ಹೇಳು ಅವಳಿಗೆ.”

ನಾನು ಫ್ರಿಜ್ಜಿನ ಕಡೆ ತಿರುಗಿ ನಿಂತೆ. ಬ್ಯಾರಿ ನಮಾಜಿಗೆ ಹೊತ್ತಾಯಿತೆಂದು ಹತ್ತು ನಿಮಿಷ ಮೊದಲೇ ಓಡಿಹೋದರು. ಹೊರಗೆ ಪಿಕಪ್ ಹತ್ತಿದ ಮೇಲೆ ಅವರು ನಕ್ಕ ಸದ್ದು ಒಳಗೂ ಕೇಳಿಸಿತು. ಆ ತಾಯಿ ಮಗನನ್ನು ಹೀಗೆ ಹನ್ನೊಂದು ಸಲ ಓಡಿಸಿದರು. ಎಣಿಸುವುದು ನನ್ನ ಅಭ್ಯಾಸ. ಆದರೆ ಒಮ್ಮೆಯೂ, ಮಗ ಹುಡುಕುತ್ತಿರುವಾಗ, ಅವರ ಮುಖ ನೋಡಲಿಲ್ಲ. ಬೆನ್ನು ಹಾಕಿಯೇ ನಿಂತಿದ್ದರು.

ಬ್ಯಾರಿ ನಮಾಜು ಮುಗಿಸಿ ಬಂದರು. ಬಿನ್ ಮಹಮೂದ್‌ನಿಂದ ಇನ್ನಿಬ್ಬರು ಗ್ರೀಕ್ ಫೋರ್‌ಮನ್‌ಗಳು ಬಂದು ಮೇಜಿಗೆ ಕೂತರು. ಅವರಿಗೆ ಮೊದಲೇ ಪಾಠ ಹೇಳಿಕೊಟ್ಟಾಗಿತ್ತು; “ನಿನ್ನ ವಿಲ್ಲಾ, ನಿನ್ನ ವಿಲ್ಲಾ” ಎಂದು ಬೇಕಾದ್ದಕ್ಕಿಂತ ಹೆಚ್ಚು ಸಲ ಹೇಳುತ್ತಿದ್ದರು. ನಾನು ತಟ್ಟೆ ಹಿಡಿದು ಹೊರಡಬೇಕು, ಅಷ್ಟರಲ್ಲಿ ಆ ಕೀಲಿಯ ಸದ್ದು.

ಅಡುಗೆಮನೆಯಿಂದ ಊಟದ ಕೋಣೆಗೆ ಪಾತ್ರೆ ದಾಟಿಸುವ ಕಿಂಡಿಯೊಂದಿತ್ತು. ನಾನು ಕಂಡದ್ದು ಆ ಕಿಂಡಿಯಲ್ಲಿ ಕಂಡಷ್ಟೇ. ಇಂಜಿನಿಯರ್ ಸೂಟ್‌ಕೇಸ್ ಎಳೆದುಕೊಂಡು ಒಳಗೆ ಬಂದರು. ಬಿಸಿಲಿಗೆ ಕೆಂಪಾದ ಮುಖ. ನಿಂತರು. ಮೇಜಿನ ತುದಿಯಲ್ಲಿ ಕೂತಿದ್ದ ಫೋರ್‌ಮನ್‌ರನ್ನು ನೋಡಿದರು. ಹಡಗು ಇದ್ದ ಜಾಗದಲ್ಲಿ ಮಾತೆಯನ್ನು ನೋಡಿದರು. ಕೈಯಲ್ಲಿ ಸೌಟು ಹಿಡಿದ ಕಪ್ಪು ಬಟ್ಟೆಯ ಮುದುಕಿಯನ್ನು ನೋಡಿದರು. ಫೋರ್‌ಮನ್ ಎದ್ದು ನಿಂತರು. ನಾನು ಒಂದು ಹೆಜ್ಜೆ ಹಿಂದಕ್ಕೆ ಸರಿದೆ, ನನ್ನ ಬೆನ್ನು ಹಸಿ ಬಣ್ಣಕ್ಕೆ ಅಂಟಿತು. ಬ್ಯಾರಿ ಬಾಯೊಳಗೇ ಏನೋ ಪ್ರಾರ್ಥನೆ ಹೇಳುತ್ತಿದ್ದರು.

ಎಷ್ಟು ಹೊತ್ತು ಹಾಗಿತ್ತೋ, ಅದೊಂದಕ್ಕೆ ನಾನು ಗಡಿಯಾರ ನೋಡಲಿಲ್ಲ.

ಆಮೇಲೆ ಇಂಜಿನಿಯರ್, ಆ ಜನರ ಅಭ್ಯಾಸದಂತೆ, ಕೈ ಮುಂದೆ ಚಾಚಿ ಆ ತಾಯಿಗೆ ತಮ್ಮ ಹೆಸರು ಹೇಳಿದರು. ಚೀಟಿಯಲ್ಲಿದ್ದ ಹೆಸರು. ತಾಯಿ ಆ ಕೈಯನ್ನು ಹಿಡಿದರು, ಬಿಡಲಿಲ್ಲ. ಮಗನ ಕಡೆ ತಿರುಗಿ ಕೇಳಿದರು: “ನಿನ್ನ ಆಫೀಸಿನವರಾ?”

“ಹೌದು” ಎಂದರು ಫೋರ್‌ಮನ್.

“ಬಾ, ಕೂತುಕೋ. ತಣ್ಣಗಾಗುತ್ತದೆ.”

ಇಂಜಿನಿಯರ್ ಸೂಟ್‌ಕೇಸನ್ನು ಬಾಗಿಲ ಹಿಂದೆ ನಿಲ್ಲಿಸಿದರು. ಕೋಟು ತೆಗೆದು ಅದರ ಮೇಲೆ ಹಾಕಿದರು. ಆಮೇಲೆ ಫೋರ್‌ಮನ್‌ರ ಕಡೆ ನೋಡಿ, ನಾನು ಸ್ವಂತ ಕಿವಿಯಲ್ಲಿ ಕೇಳದಿದ್ದರೆ ನಂಬುತ್ತಿರಲಿಲ್ಲ, ಕೇಳಿದರು:

“ಕೈ ತೊಳೆಯಬೇಕಿತ್ತು. ಬಾತ್‌ರೂಮು ಯಾವ ಕಡೆ?”

ಫೋರ್‌ಮನ್ ಆ ಮನೆಗೆ ಬಂದು ಮೂರು ಗಂಟೆಯೂ ಆಗಿರಲಿಲ್ಲ. “ಎಡಗಡೆ” ಎಂದರು. ಎಡಗಡೆ ಇದ್ದದ್ದು ಪೊರಕೆ, ಬಕೇಟು ಇಡುವ ಗೂಡು. ಇಂಜಿನಿಯರ್ ಎಡಗಡೆಗೇ ಹೋದರು. ಆ ಬಾಗಿಲು ತೆರೆದರು. ಪೊರಕೆಗಳನ್ನು ಒಂದು ಕ್ಷಣ ಗೌರವದಿಂದ ನೋಡಿದರು. ಬಾಗಿಲು ಮೆಲ್ಲನೆ ಮುಚ್ಚಿ, “ಸಿಕ್ಕಿತು” ಎಂದು ಬಲಗಡೆಗೆ ಹೋಗಿ ಕೈ ತೊಳೆದು ಬಂದರು. ಮೇಜಿನಲ್ಲಿದ್ದ ಇಬ್ಬರು ಫೋರ್‌ಮನ್‌ಗಳಲ್ಲಿ ಒಬ್ಬ ಬ್ರೆಡ್ಡು ಗಂಟಲಿಗೆ ಸಿಕ್ಕಿಕೊಂಡು ಕೆಮ್ಮಿದ.

ಊಟ ಎರಡೂವರೆವರೆಗೆ ನಡೆಯಿತು. ಇಂಜಿನಿಯರ್ ಮೂರು ಸಲ ಬೊಂಡಾಸ್ ಹಾಕಿಸಿಕೊಂಡರು. “ನಿಮ್ಮ ಮಗ ಇಲ್ಲದಿದ್ದರೆ ನಮ್ಮ ಕೊಳವೆ ಒಂದೂ ನೇರ ನಿಲ್ಲುವುದಿಲ್ಲ” ಎಂದರು. ಅದು ನಿಜವೇ. ಆದರೆ ಆಫೀಸಿನಲ್ಲಿ ಯಾರೂ ಆವರೆಗೆ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಫೋರ್‌ಮನ್‌ರ ಮುಖಕ್ಕೆ ನಿಧಾನವಾಗಿ ರಕ್ತ ಬಂತು. ಕಾಫಿಯ ಹೊತ್ತಿಗೆ ಅವರು ಮನೆಯ ಯಜಮಾನನ ಹಾಗೆ ಹಿಂದಕ್ಕೆ ಒರಗಿ ಕೂತು, ಈ ವಿಲ್ಲಾದ ಎ.ಸಿ. ಸರಿಯಿಲ್ಲ ಎಂದು ದೂರಿದರು. ಇಂಜಿನಿಯರ್ ತಲೆಯಾಡಿಸಿ, “ಹೌದಾ? ಕ್ಲರ್ಕಿಗೆ ಹೇಳಬೇಕು” ಎಂದು ಕಿಂಡಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ಎಲ್ಲಕ್ಕಿಂತ ಮುಖ್ಯವಾದದ್ದು ಆಮೇಲೆ ಆಯಿತು. ಫೋರ್‌ಮನ್ ಮತ್ತು ಗೆಳೆಯರು ಅಂಗಳಕ್ಕೆ ಸಿಗರೇಟು ಸೇದಲು ಹೋದರು. ಇಂಜಿನಿಯರ್ ತಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಬಂದರು. ಅಲ್ಲಿ ಆ ತಾಯಿ ಪಾತ್ರೆ ತೊಳೆಯುತ್ತಿದ್ದರು, ಬ್ಯಾರಿ ಒಲೆ ಒರೆಸುತ್ತಿದ್ದರು, ನಾನು ಬಾಗಿಲಿಗೆ ಅಂಟಿದ್ದೆ. ತಾಯಿ ಒಣ ಬಟ್ಟೆಯೊಂದನ್ನು ಇಂಜಿನಿಯರರ ಹೆಗಲಿಗೆ ಎಸೆದರು. ಅವರು ತಟ್ಟೆ ಒರೆಸಲು ನಿಂತರು. ಒರೆಸಿದ ತಟ್ಟೆಯನ್ನು ಬಲಗಡೆಯ ಎರಡನೇ ಕಪಾಟಿಗೆ, ಲೋಟವನ್ನು ಮೇಲಿನ ಗೂಡಿಗೆ, ದೊಡ್ಡ ಚಮಚವನ್ನು ನಾಲ್ಕನೇ ಡ್ರಾಯರಿಗೆ, ಯಾರನ್ನೂ ಕೇಳದೆ, ನೋಡದೆ ಹಾಕುತ್ತ ಹೋದರು. ಅರ್ಧ ಪಾತ್ರೆ ಮುಗಿದ ಮೇಲೆ ತಾವೇನು ಮಾಡುತ್ತಿದ್ದೇವೆಂದು ಅವರಿಗೆ ಹೊಳೆಯಿತು. ಕೈ ಗಾಳಿಯಲ್ಲೇ ನಿಂತಿತು.

“ಜಾಗ ಬೇಗ ಕಲಿತೆ” ಎಂದರು ತಾಯಿ.

ಆಮೇಲೆ ಏಪ್ರನ್ ಜೇಬಿನಿಂದ ಆ ಹಳದಿ ಚೀಟಿ ತೆಗೆದು, ಅವರ ಒದ್ದೆ ಕೈಯ ಹಿಂಬದಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದರು. “ನಿನ್ನದು. ಮನೆ ಚೆನ್ನಾಗಿದೆ. ಕುರ್ಚಿಯ ಅಡಿ ಕೊಳೆ ಇತ್ತು, ತೆಗೆದಿದ್ದೇನೆ.” ಅಂಗಳದ ಕಡೆ ಗಲ್ಲ ತೋರಿಸಿದರು. “ನನಗೆ ಗೊತ್ತಾಗಲಿಲ್ಲ ಅಂತ ಅವನು ತಿಳಿದಿದ್ದಾನೆ. ಹಾಗೆಯೇ ಇರಲಿ.”

ಇಂಜಿನಿಯರ್ ಚೀಟಿ ನೋಡಿಕೊಂಡರು. “ನಾನು ಇವತ್ತು ಅತಿಥಿ, ಅಮ್ಮ” ಎಂದರು.

“ಹಾಗಾದರೆ ಇದನ್ನೂ ಒರೆಸು” ಎಂದು ದೊಡ್ಡ ಬೋಗುಣಿ ಕೈಗೆ ಕೊಟ್ಟರು.

ಮೂರೂಕಾಲಿಗೆ ಫೋರ್‌ಮನ್ ತಾಯಿಯನ್ನು ಹೋಟೆಲಿಗೆ ಕರೆದುಕೊಂಡು ಹೋದರು. ಇಂಜಿನಿಯರ್ ಕೂಡ ಸೂಟ್‌ಕೇಸ್ ಎಳೆದುಕೊಂಡು ಅವರ ಹಿಂದೆಯೇ ಹೊರಟು, ಬೀದಿಯ ತಿರುವಿನವರೆಗೆ ನಡೆದು, ಗಾಡಿ ಮರೆಯಾದ ಮೇಲೆ ವಾಪಸು ಬಂದರು. ನಾವಿಬ್ಬರೂ ಗೇಟಿನಲ್ಲಿ ನಿಂತಿದ್ದೆವು. ನಮ್ಮನ್ನು ದಾಟಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

“ಪೊರ್ಬುಗಳೇ, ಎರಡು ದಿನ ರಜೆ ಬಿಟ್ಟು ಬರುವ ಮನುಷ್ಯ ಉಂಟಾ ಲೋಕದಲ್ಲಿ?” ಎಂದರು ಬ್ಯಾರಿ. ಅವರಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅದೇ ಆಗಿ ಕಂಡಿತ್ತು.

ಶನಿವಾರವಿಡೀ ನಾನು ಕ್ಷಮಾಪಣೆಯ ಪತ್ರ ಬರೆದೆ, ಹರಿದೆ. ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ಇಂಜಿನಿಯರ್ ನನ್ನ ಮೇಜಿನ ಮುಂದೆ ನಿಂತರು.

“ನನ್ನ ಮನೆಯಲ್ಲಿ ಒಂದು ಕುರ್ಚಿಗೆ ಚೀಟಿ ಇಲ್ಲ. ಬರೆದುಕೊಡು.”

ಬರೆದುಕೊಟ್ಟೆ. ಆ ದಿನ ನನ್ನ ಅಕ್ಷರ ದುಂಡಗೆ ಬರಲಿಲ್ಲ.

“ಇನ್ನೊಂದು. ಹಿಂಬಾಗಿಲಿಗೆ ಅರ್ಧ ಮಾತ್ರ ಹಸಿರು ಬಣ್ಣ ಹೊಡೆದಿದ್ದಾರೆ. ಮಧ್ಯದಲ್ಲಿ ಯಾರದೋ ಬೆನ್ನಿನ ಅಚ್ಚು ಇದೆ.”

ಅವರು ಕುರ್ಚಿ ಎಳೆದು ಕೂತು, ಫೋರ್‌ಮನ್‌ರಿಗೆ ಯಾಕೆ ಫ್ಲ್ಯಾಟು ಎಂದು ಕೇಳಿದರು. ಸರ್ಟಿಫಿಕೇಟಿನ ನಿಯಮ ಹೇಳಿದೆ. ಎಷ್ಟು ಕುರ್ಚಿ ಎಂದರು. ನಾಲ್ಕು ಎಂದೆ. ತಮ್ಮದೇ ಫೈಲು ಕೇಳಿ ತೆರೆದು ರೆಫರೆನ್ಸ್ ಹಾಳೆ ಓದಿದರು. ಒಬ್ಬರ ಹೆಸರಿನ ಮೇಲೆ ಬೆರಳಿಟ್ಟು, “ಇವರು ನನ್ನ ಅಪ್ಪನ ಜೊತೆ ಗಾಲ್ಫ್ ಆಡುತ್ತಿದ್ದವರು” ಎಂದರು. ಫೈಲು ಮುಚ್ಚಿದರು. ವಿಲ್ಲಾವನ್ನು ಅವರು ಬಿಟ್ಟುಕೊಡಲಿಲ್ಲ, ದರ್ಜೆ ಬದಲಾಗಲಿಲ್ಲ. ನಡೆಯದ್ದನ್ನು ನಡೆಯಿತೆಂದು ನಾನು ಬರೆಯುವುದಿಲ್ಲ. ಆ ವಾರ ಅವರ ಸಹಿ ಇದ್ದ ಒಂದು ಅರ್ಜಿ ಬಂತು: ಬಿನ್ ಮಹಮೂದ್‌ನ ಆ ಫ್ಲ್ಯಾಟಿಗೆ ಇನ್ನೂ ನಾಲ್ಕು ಕುರ್ಚಿ ಬೇಕು, ಕಾರಣ ಅತಿಥಿಗಳು. ಮ್ಯಾನೇಜರ್ ಅದನ್ನು ದರ್ಜೆಗೆ ಮೀರಿದ್ದು ಎಂದು ವಾಪಸು ಕಳಿಸಿದರು. ಮರುದಿನ ಗೋದಾಮಿನ ಪುಸ್ತಕದಲ್ಲಿ ಬ್ಯಾರಿಯ ಕೈಬರಹದಲ್ಲಿ ನಾಲ್ಕು ಕುರ್ಚಿ ಮುರಿದುಹೋದವು. ಅದಕ್ಕೆ ನಾನು ಸಾಕ್ಷಿಯ ಸಹಿ ಹಾಕಿದೆ. ಮುರಿದ ಆ ಕುರ್ಚಿಗಳಲ್ಲಿ, ಬಿನ್ ಮಹಮೂದ್‌ನ ಅದೇ ಫ್ಲ್ಯಾಟಿನಲ್ಲಿ, ನಾನೇ ಹಲವು ಶುಕ್ರವಾರ ಕೂತು ಉಂಡಿದ್ದೇನೆ. ಅವುಗಳ ಅಡಿಯಲ್ಲಿ ಯಾವ ಚೀಟಿಯೂ ಇರಲಿಲ್ಲ.

“ಅಮ್ಮನಿಗೆ ವಿಲ್ಲಾ ತುಂಬ ಹಿಡಿಸಿತು” ಎಂದು ಫೋರ್‌ಮನ್ ಪ್ರತಿ ಸಲವೂ ಹೇಳುತ್ತಿದ್ದರು. “ಸ್ವಲ್ಪವೂ ಅನುಮಾನ ಬರಲಿಲ್ಲ ನೋಡು.”

“ಇಲ್ಲ, ಸ್ವಲ್ಪವೂ ಇಲ್ಲ” ಎನ್ನುತ್ತಿದ್ದೆ.

ಆ ತಾಯಿ ಈಗಿಲ್ಲ. ನಾಲ್ಕು ವರ್ಷದ ಮೇಲೆ ಮೆಲ್ಬರ್ನಿನಲ್ಲಿ ತೀರಿಕೊಂಡರು. ಪೊರಕೆಯ ಗೂಡು ತೆರೆದದ್ದನ್ನು ಕಂಡ ಇಬ್ಬರು ಫೋರ್‌ಮನ್‌ಗಳಲ್ಲಿ ಕೆಮ್ಮಿದವನು ಬದುಕಿದ್ದಾನೆ, ಇನ್ನೊಬ್ಬನ ಸುದ್ದಿ ನನಗಿಲ್ಲ. ಚೀಟಿ ಅಂಟಿಸಿದ್ದನ್ನು ಅಡುಗೆಮನೆಯಲ್ಲಿ ನೋಡಿದವರು ನನ್ನನ್ನು ಬಿಟ್ಟು ಇಬ್ಬರು. ಒಬ್ಬರು ಇಂಜಿನಿಯರ್, ಬದುಕಿದ್ದಾರೆ, ಕ್ರಿಸ್‌ಮಸ್‌ಗೆ ನಾಲ್ಕು ಸಾಲು ಬರೆಯುತ್ತಾರೆ, ಆ ದಿನದ ಮಾತು ಒಮ್ಮೆಯೂ ಎತ್ತಿಲ್ಲ. ಇನ್ನೊಬ್ಬರು ಬ್ಯಾರಿ, ಉಳ್ಳಾಲದಲ್ಲಿದ್ದಾರೆ, ಮೊಣಕಾಲು ನೋವು ಬಿಟ್ಟರೆ ಗಟ್ಟಿಯಾಗಿದ್ದಾರೆ, ಇದನ್ನು ಅವರಿಗೆ ಓದಿ ಹೇಳಿಯೇ ಅಚ್ಚಿಗೆ ಕೊಟ್ಟಿದ್ದೇನೆ. ಹನ್ನೊಂದು ಸಲ ಅಲ್ಲ, ಹನ್ನೆರಡು ಸಲ ಓಡಿಸಿದರು ಎನ್ನುತ್ತಾರೆ. ಆದರೆ ಕೊನೆಯ ಸಲದ ಹೊತ್ತಿಗೆ ಅವರು ನಮಾಜಿಗೆ ಹೋಗಿದ್ದರು. ಫೋರ್‌ಮನ್ ಕೂಡ ಬದುಕಿದ್ದಾರೆ. ಚೀಟಿ ಅಂಟಿಸಿದ್ದನ್ನು ಅವರು ನೋಡಲಿಲ್ಲ, ಅಂಗಳದಲ್ಲಿದ್ದರು. ಅವರಿಗೆ ಕನ್ನಡ ಬರುವುದಿಲ್ಲ.